ಗುಳಿಗಿ ಕೊಡದ ಡಾಕ್ಟರು

ಮನುಷ್ಯನ ಮನಸ್ಸಿನ ಆಳ ಅಳೆಯುವುದು ಸಮುದ್ರದ ಆಳ ಅಳೆಯುವುದಕ್ಕಿಂತ ಕಠಿಣವೆಂದು ತಿಳಿದವರು ಹೇಳುತ್ತ ಬಂದಿದ್ದಾರೆ. ನಮ್ಮ ವಿಜಯಪುರಕ್ಕೆ ಸಮುದ್ರ ಬಹಳ ದೂರ. ಆದ್ದರಿಂದ ನಮ್ಮ ಡಾಕ್ಟರು ಆ ಕೆಲಸವನ್ನು ಒಂದು ಸ್ಟೀಲ್ ಪರಾತದಲ್ಲಿ ಮಾಡುತ್ತಿದ್ದರು. ಹಿಟ್ಟು ನಾದುವ ಅಗಲ ಪರಾತ. ಅದರ ತುಂಬ ಒಣದ್ರಾಕ್ಷಿ. ವರ್ಷದ ಹನ್ನೆರಡು ತಿಂಗಳೂ ಅವರ ಎರಡೂ ಹೆಬ್ಬೆರಳುಗಳ ಉಗುರಂಚು ಕಂದುಗಟ್ಟಿ ಅಂಟಂಟಾಗಿರುತ್ತಿತ್ತು. ಕೈ ಕುಲುಕಿದವರಿಗೆ ಸ್ವಲ್ಪ ಸಿಹಿ ಅಂಟಿ ಬರುತ್ತಿತ್ತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಅವರು ಹೆಗಲ ಮೇಲೆ ಕೈಯಿಟ್ಟು ಮಾತಾಡಿ ಹೋದ ಮೇಲೆ ನನ್ನ ಅಂಗಿಗೆ ಇರುವೆ ಹತ್ತಿದ್ದುಂಟು.

ಹಾಗೆ ನೋಡಿದರೆ ಅವರು ಡಾಕ್ಟರೂ ಅಲ್ಲ. ಮನಃಶಾಸ್ತ್ರ ಓದಿ, ಮನಸ್ಸು ಕೆಟ್ಟವರ ಮಾತು ಕೇಳುವ ಕೆಲಸ ಹಿಡಿದವರು. ಗುಳಿಗೆ ಬರೆದುಕೊಡುವ ಅಧಿಕಾರ ಅವರಿಗಿರಲಿಲ್ಲ. ಇದನ್ನು ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದರು: “ನಾ ಗುಳಿಗಿ ಕೊಡೋ ಡಾಕ್ಟರ್ ಅಲ್ರಿ. ಗುಳಿಗಿ ಬೇಕಾಗೂದಿದ್ರ ಅಂಥವರ ಕಡೆ ನಾನ ಕಳಸ್ತೀನಿ.” ನಮ್ಮ ಜನ ಒಬ್ಬರ ವಿನಯವನ್ನು ಅವರ ಬಿರುದನ್ನಾಗಿ ಮಾಡುವುದರಲ್ಲಿ ನಿಪುಣರು. ವರ್ಷ ತುಂಬುವುದರೊಳಗೆ ಅವರು ಊರಿಗೆಲ್ಲ ‘ಗುಳಿಗಿ ಕೊಡದ ಡಾಕ್ಟರ್’ ಆದರು.

ಊರ ನಡುವಿನ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ ಅವರದು. ಮೊದಮೊದಲು ‘ಮನಃಶಾಸ್ತ್ರಜ್ಞರು’ ಎಂದು ದೊಡ್ಡ ಬೋರ್ಡು ಹಾಕಿಸಿದ್ದರಂತೆ. ಎರಡು ತಿಂಗಳಲ್ಲಿ ಆ ಮೆಟ್ಟಿಲು ಹತ್ತಿ ಬಂದವನು ಬೋರ್ಡು ಬರೆದ ಪೇಂಟರ್ ಒಬ್ಬನೇ. ಅವನಿಗೂ ಮನಸ್ಸಿನ ತೊಂದರೆಯೇನೂ ಇರಲಿಲ್ಲ. ಬೋರ್ಡು ತೆಗೆಸಿದ ವಾರವೇ ಜನ ಬರತೊಡಗಿದರು. ಕೆಳಗೆ ಬಟ್ಟೆ ಅಂಗಡಿ ಇದ್ದದ್ದು ಎಲ್ಲರಿಗೂ ಅನುಕೂಲವಾಯಿತು. ಯಾರಾದರೂ ಪರಿಚಿತರು ಕಂಡರೆ “ಬಟ್ಟಿ ನೋಡಾಕ ಬಂದಿದ್ದೆ” ಎಂದರೆ ಮುಗಿಯಿತು. ಮೇಲೆ ಹೋಗಿ ಅತ್ತು ಇಳಿದವರು ಸಂಕೋಚಕ್ಕೆ ಒಂದು ಟವೆಲ್ಲಾದರೂ ಕೊಂಡು ಹೋಗುತ್ತಿದ್ದರು. ಆ ಅಂಗಡಿಯಲ್ಲಿ ಸೀರೆಗಿಂತ ಟವೆಲ್ಲು ಹೆಚ್ಚು ಖರ್ಚಾಗುತ್ತದೆಂದು ಸಾಹುಕಾರರು ಆಶ್ಚರ್ಯಪಡುತ್ತಿದ್ದರು.

ದ್ರಾಕ್ಷಿಯ ವಿಷಯ ಹೇಳಬೇಕು. ಡಾಕ್ಟರ ಹುಟ್ಟೂರು ತಿಕೋಟಾ. ಅವರ ಅಣ್ಣನ ದ್ರಾಕ್ಷಿ ತೋಟ, ಒಣಗಿಸುವ ಶೆಡ್ಡು ಅಲ್ಲಿವೆ. ಒಣಗಿದ ದ್ರಾಕ್ಷಿಯ ತೊಟ್ಟು ತೆಗೆಯಲು ಯಂತ್ರವಿದೆ. ಯಂತ್ರದ ಕಣ್ಣು ತಪ್ಪಿಸಿಕೊಂಡ ತೊಟ್ಟಿನ ಸರಕೂ ಒಂದಿಷ್ಟು ಉಳಿಯುತ್ತದೆ. ಅದನ್ನು ಡಾಕ್ಟರು ವಾರಕ್ಕೊಂದು ಚೀಲ ತರುತ್ತಿದ್ದರು. ಯಾರೇ ಬಂದು ಕೂತರೂ ನಡುವೆ ಪರಾತ ಇಟ್ಟು, ತಾವೂ ಒಂದು ಮುಷ್ಟಿ ಎಳೆದುಕೊಂಡು, “ಏನ್ ಅವಸರ ಇಲ್ರಿ, ತೊಟ್ಟ ತಗೀರಿ” ಎನ್ನುತ್ತಿದ್ದರು. ಅಷ್ಟೇ. ಹೆಸರು ಕೇಳುವುದು ಕೂಡ ಆಮೇಲೆ. ಅರಕೇರಿ ಕಡೆಯ ಒಬ್ಬ ರೈತ ಮೊದಲ ದಿನ ಎರಡು ತಾಸು ತೊಟ್ಟು ತೆಗೆದು, ಒಂದಕ್ಷರ ಮಾತಾಡದೆ ಎದ್ದು, “ಭಾಳ ಹಗುರಾತ್ರಿ” ಎಂದು ಹೋದನಂತೆ.

ನಾನೊಮ್ಮೆ ಇದರ ಶಾಸ್ತ್ರಾಧಾರ ಕೇಳಿದೆ. “ಶಾಸ್ತ್ರ ಏನಿಲ್ರಿ ಸರ್,” ಎಂದರು. “ಕೈ ಖಾಲಿ ಇದ್ರ ನಮ್ಮ ಮಂದಿ ಬಾಯಿ ಕಾಯ್ಕೋತ ಕುಂದರ್ತಾರ. ಎದುರಿಗಿನವರ ಮಾರಿ ನೋಡಿದ್ರಂತೂ ಮುಗೀತು, ‘ಎಲ್ಲಾ ಆರಾಮ ಐತ್ರಿ’ ಅಂತಾರ. ಕೈಗೆ ಒಂದು ಕೆಲಸ ಹಚ್ಚಿ, ಕಣ್ಣು ಕೆಳಗ ಹಾಕ್ಸಿದ್ರ ಕಾವಲು ತಪ್ಪತೈತಿ.”

ವಾರದ ದಿನಗಳನ್ನೂ ಅವರು ಹಂಚಿಟ್ಟಿದ್ದರು. ಮಂಗಳವಾರ ಬಬಲೇಶ್ವರ, ಗುರುವಾರ ತಿಕೋಟಾ, ಉಳಿದ ದಿನ ವಿಜಯಪುರ, ಭಾನುವಾರ ಹೆಂಡತಿ ಮಕ್ಕಳಿಗೆ. ಬಬಲೇಶ್ವರದಲ್ಲಿ ಅವರ ಅತ್ತೆಯ ಮನೆಯ ಪಡಸಾಲೆಯೇ ದವಾಖಾನೆ. ಅತ್ತೆ ಬಾಗಿಲಲ್ಲಿ ಕೂತಿರುತ್ತಿದ್ದರು. ಅವರಿಗೆ ಕಿವಿ ಪೂರ್ತಿ ಮಂದ. ಒಂದು ತಾಲೂಕಿನ ಗುಟ್ಟುಗಳನ್ನು ಕಾಯಲು ಅದಕ್ಕಿಂತ ಯೋಗ್ಯ ದ್ವಾರಪಾಲಕರು ಸಿಗಲಾರರು.

ನನಗೆ ಅವರ ಪರಿಚಯವಾದದ್ದು ಆ ಬಬಲೇಶ್ವರದ ಬಸ್ಸಿನಲ್ಲಿ. ಆಗಿನ ನನ್ನ ಸ್ಥಿತಿಯನ್ನು ಈಗ ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ನಾನು ಬಬಲೇಶ್ವರದ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷ ಶಿಕ್ಷಕನಾಗಿದ್ದು, ಅಲ್ಲಿಯೇ ಮುಖ್ಯಾಧ್ಯಾಪಕನಾಗಿ ನಿವೃತ್ತನಾದೆ. ಬೀಳ್ಕೊಡುವಾಗ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮುಂದೆ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿಲ್ಲದವನಿಗೆ ಗಡಿಯಾರ ಕೊಡುವುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಡಬ್ಬಿ ಕಟ್ಟಿಸಿಕೊಂಡು, ಎಂಟು ಗಂಟೆಯ ಬಸ್ಸು ಹತ್ತಿದೆ. ಮನೆಯಲ್ಲಿ “ಚಾರ್ಜ್ ಕೊಡೂದು ಇನ್ನೂ ಮುಗಿದಿಲ್ಲ” ಎಂದು ಹೇಳಿದೆ. ಬಬಲೇಶ್ವರದಲ್ಲಿಳಿದು, ಶಾಲೆಯ ಕಡೆಗೆ ಹೋಗುವ ಧೈರ್ಯವಿಲ್ಲದೆ, ರಸ್ತೆಯ ಈಚೆ ಒಂದು ಬೇವಿನ ಮರದ ಕೆಳಗೆ ಸಂಜೆಯವರೆಗೆ ಕೂತು ಮರಳಿ ಬಂದೆ. ಹೀಗೆ ಎರಡು ವಾರ.

ಎರಡನೆಯ ಮಂಗಳವಾರ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು: “ಸರ್, ಹೋದ ಮಂಗಳವಾರ ನಾ ಬಸ್ಸ ಇಳಿಯೂ ಮುಂದ ಬೇವಿನ ಗಿಡದ ಕೆಳಗ ಕುಂತಿದ್ರಿ. ಸಂಜಿಗೆ ಬಸ್ಸ ಹತ್ತೂ ಮುಂದನೂ ಅಲ್ಲೇ ಕುಂತಿದ್ರಿ. ಊಟ ಎಲ್ಲಿ ಮಾಡ್ತೀರಿ?”

ಯಾಕೆ ಕೂತಿದ್ದಿರಿ ಎಂದು ಕೇಳಿದ್ದರೆ ನನ್ನ ಹತ್ತಿರ ಒಂದು ಉತ್ತರ ತಯಾರಿತ್ತು. ಊಟದ ಪ್ರಶ್ನೆಗೆ ಇರಲಿಲ್ಲ. “ಡಬ್ಬಿ ತಂದಿರ್ತೀನಿ” ಎಂದೆ.

“ಹಂಗಾದ್ರ ನಮ್ಮ ಅತ್ತಿ ಮನ್ಯಾಗ ಕುಂತು ಉಣ್ರಿ. ನೆಳ್ಳೈತಿ, ನೀರೈತಿ. ನನ್ನ ಹೇಣ್ತಿ ನಿಮ್ಮ ಕೈಯಾಗ ಕಲ್ತಾಕಿ. ಲೆಕ್ಕಾಚಾರದಾಗ ನಾ ನಿಮಗ ಅಳಿಯಾನ ಆಗ್ಬೇಕು.”

ಆ ಪಡಸಾಲೆಯಲ್ಲಿ ನಾನು ನಾಲ್ಕು ಮಂಗಳವಾರ ದ್ರಾಕ್ಷಿಯ ತೊಟ್ಟು ತೆಗೆದೆ. ಮೂರು ವಾರ ಇಲಾಖೆಯ ಸುತ್ತೋಲೆಗಳ ಮೇಲೆ ಹಾಸ್ಯ ಮಾಡಿ ಅವರನ್ನು ನಗಿಸಿದೆ. ನಾಲ್ಕನೆಯ ವಾರ ಒಂದು ತೊಟ್ಟು ಬಿಡದೆ ಜಿಗುಟಾಗಿತ್ತು, ಅದನ್ನು ಎಳೆಯುತ್ತಿರುವಾಗ ಬಾಯಿಂದ ಮಾತು ತಾನಾಗಿ ಬಿತ್ತು: “ಗಿಡದ ಕೆಳಗ ಕುಂತ್ರ ಸಾಲಿ ಗಂಟಿ ಕೇಳತೈತ್ರಿ. ನಾ ಇಲ್ಲದನೂ ಹೊತ್ತಿಗೆ ಸರಿಯಾಗಿ ಹೊಡೀತಾರ.”

ಅವರು ತಲೆ ಎತ್ತಲಿಲ್ಲ. “ಹೊತ್ತಿಗೆ ಸರಿಯಾಗಿ ಹೊಡೀತಾರಂದ್ರ ನೀವು ಛಲೋ ರೂಢಿ ಮಾಡಿಸಿ ಬಂದೀರಿ ಸರ್” ಎಂದರು.

ಆ ವಾರದ ದ್ರಾಕ್ಷಿಯಲ್ಲಿ ಉಪ್ಪಿನ ಅಂಶ ಸ್ವಲ್ಪ ಹೆಚ್ಚಿದ್ದಿರಬೇಕು. ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಸೊಪ್ಪು ಸೋಸುತ್ತ, “ಗೊತ್ತಿತ್ತು. ಎಷ್ಟು ದಿನ ಅಂತ ಚಾರ್ಜ್ ಕೊಡ್ತಾರ? ನೀವಾಗೇ ಹೇಳ್ತೀರೇನೋ ಅಂತ ಡಬ್ಬಿ ಕಟ್ಟಿದೆ” ಎಂದಳು. ಮರುದಿನದಿಂದ ಡಬ್ಬಿ ಬಂದ್ ಆಯಿತು.

ಡಾಕ್ಟರು ಆಮೇಲೆ ಒಂದು ಮಾತು ಹೇಳಿದ್ದರು. “ಸರ್, ನೀವು ಭಾಳ ನಗಸಾಕತ್ತಿದ್ರ ನನಗ ತಿಳೀತೈತಿ, ಎಲ್ಲೋ ನೋಯಾಕತ್ತೈತಿ ಅಂತ.” ನಾನು ಅದಕ್ಕೂ ಏನೋ ಹಾಸ್ಯ ಮಾಡಿದೆ.

ಹತ್ತಾರು ವರ್ಷ ಊರಿನ ದುಃಖ ಕೇಳಿದ ಮನುಷ್ಯ ಮನೆಯಲ್ಲಿ ಮುಖ ಗಂಟಿಕ್ಕಿ ಕೂರಬಹುದೆಂದು ನಾವು ಎಣಿಸುತ್ತೇವೆ. ಡಾಕ್ಟರು ಸಂಜೆ ಐದೂವರೆಗೆ ಪರಾತ ಮುಚ್ಚಿಟ್ಟು ಎದ್ದರೆಂದರೆ ಅಪ್ಪನಾಗಿಯೇ ಮೆಟ್ಟಿಲು ಇಳಿಯುತ್ತಿದ್ದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಹೆಂಡತಿ ಬೆಳಿಗ್ಗೆ ಬೇಗ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದರಿಂದ ಮಕ್ಕಳ ಜಡೆ ಹೆಣೆಯುವ ಖಾತೆ ಡಾಕ್ಟರದು. ಎಡಗಡೆಯ ಜಡೆ ಯಾವಾಗಲೂ ಬಲಗಡೆಯದಕ್ಕಿಂತ ಎರಡು ಬೆರಳು ಮೇಲೆ. ಓಣಿಯ ಹೆಂಗಸರು ಅದನ್ನು ನೋಡಿಯೇ ಇವು ಡಾಕ್ಟರ ಮಕ್ಕಳೆಂದು ಗುರುತಿಸುತ್ತಿದ್ದರು. ಭಾನುವಾರ ಆ ವಾರದ ದ್ರಾಕ್ಷಿಯನ್ನೆಲ್ಲ ತೊಳೆದು ಹಾಕಿ ತಾವೇ ರವೆಯ ಶಿರಾ ಮಾಡುತ್ತಿದ್ದರು. ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಅಪ್ಪ, ಅವ್ವ, ಇಬ್ಬರು ಮಕ್ಕಳು, ಒಂದು ಪಾತ್ರೆ ಶಿರಾ.

ದೊಡ್ಡ ಮಗಳ ಸ್ಕರ್ಟಿನ ಕಥೆ ತಿಕೋಟಾದಲ್ಲಿ ಎಲ್ಲರಿಗೂ ಗೊತ್ತು, ಅದರ ಹಿಂದಿನದು ಗೊತ್ತಿಲ್ಲ. ಡಾಕ್ಟರು ಯಾರ ಗುಟ್ಟನ್ನೂ ಇನ್ನೊಬ್ಬರಿಗೆ ಹೇಳಿದವರಲ್ಲ. ನನಗೆ ಹೇಳಿದವರು ಸ್ವತಃ ಅಲ್ಲಿನ ದರ್ಜಿ ಚಾಚಾ, ಬರೆಯಲು ಒಪ್ಪಿದವರೂ ಅವರೇ. ಚಾಚಾನ ತಮ್ಮ ತೀರಿಕೊಂಡಾಗ ಹೆಣಕ್ಕೆ ಸುತ್ತುವ ಬಿಳಿಯ ಕಫನ್ ಬಟ್ಟೆಯನ್ನು ಚಾಚಾ ಅವರೇ ಕತ್ತರಿಸಿ ಕೊಟ್ಟಿದ್ದರು. ಅಂದಿನಿಂದ ಕತ್ತರಿ ಹಿಡಿದರೆ ಕೈ ನಡುಗುತ್ತಿತ್ತು. ನಲವತ್ತು ವರ್ಷದ ಕಸುಬು ನಿಂತುಹೋಯಿತು. ಮನೆಯವರು ಗುರುವಾರದ ದಿನ ಡಾಕ್ಟರ ಮುಂದೆ ತಂದು ಕೂರಿಸಿದರು. ಮೂರು ಗುರುವಾರ ದ್ರಾಕ್ಷಿ ಆರಿಸಿದ ಮೇಲೆ ಚಾಚಾ, “ಬಿಳೀ ಬಟ್ಟಿ ಕಂಡ್ರ ನನ್ನ ತಮ್ಮನ ಮಾರಿ ಕಾಣತೈತ್ರಿ” ಎಂದರಂತೆ.

ಮುಂದಿನ ವಾರ ಡಾಕ್ಟರು ಮಗಳ ಶಾಲೆಯ ಸಮವಸ್ತ್ರದ ಬಟ್ಟೆ ತಂದು ಚಾಚಾನ ಮುಂದೆ ಇಟ್ಟರು. “ಬಿಳೀದು ಸದ್ಯ ಬ್ಯಾಡ್ರಿ ಚಾಚಾ. ನೀಲೀಲಿಂದ ಸುರು ಮಾಡ್ರಿ.”

“ಕೈ ನಡಗತೈತ್ರಿ, ಹಾಳಾಗತೈತಿ.”

“ಆಗ್ಲಿ. ನನ್ನ ಮಗಳ ಸ್ಕರ್ಟ್, ನಿಮ್ಮ ಕೈ. ನಡುವ ಮಾತಾಡವ್ರು ಯಾರು?”

ಮಾತಾಡುವವರೊಬ್ಬರಿದ್ದರು. “ಅಪ್ಪಾ, ಒಂದ ಬಾಜೂ ಉದ್ದ ಆಗೇತಿ! ಎಲ್ಲಾರೂ ನಗ್ತಾರ!” ಎಂದು ಹುಡುಗಿ ಅತ್ತಳು. “ನೀ ಆ ಬಾಜೂ ಸ್ವಲ್ಪ ಜಾಸ್ತಿ ಬೆಳಿಯವ್ವಾ, ಸರಿ ಹೋಗತೈತಿ” ಎಂದರು ಡಾಕ್ಟರು. ಆಮೇಲೆ ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಏನು ಹೇಳಿದರೋ ಗೊತ್ತಿಲ್ಲ. ಹುಡುಗಿ ವರ್ಷವಿಡೀ ಆ ಸೊಟ್ಟ ಸ್ಕರ್ಟು ತೊಟ್ಟು ಶಾಲೆಗೆ ಹೋದಳು. ಮುಂದಿನ ವರ್ಷದ್ದು ನೆಟ್ಟಗೆ ಬಂತು. ಚಾಚಾ ಈಗಲೂ ಹೊಲಿಯುತ್ತಾರೆ.

ಇನ್ನು ನನ್ನ ಪಾತ್ರ. ನನಗೆ ನಾಲ್ಕು ವರ್ಷದ ಕೆಳಗೆ ಎದೆಯ ಆಪರೇಷನ್ ಆಯಿತು. ನಮ್ಮ ಕಡೆಯವರು ಹೃದಯದ ವಿಷಯಕ್ಕೆ ಸೊಲ್ಲಾಪುರಕ್ಕೆ ಹೋಗುವುದು ರೂಢಿ, ನಾನೂ ಹೋದೆ. ನಿಜ ಹೇಳಬೇಕೆಂದರೆ ಎಲ್ಲವೂ ಬಹಳ ಸರಳವಾಗಿ ನಡೆಯಿತು. ಆದರೆ ಎದೆ ಸೀಳಿಸಿಕೊಂಡು ಬಂದವನು ‘ಸರಳವಾಗಿತ್ತು’ ಎಂದರೆ ಕೇಳುವವರಿಗೂ ನಿರಾಸೆ, ಹೇಳುವವನಿಗೂ ನಷ್ಟ. ಆದ್ದರಿಂದ ನಾನು ಅದನ್ನು ಒಂದು ಪುರಾಣದ ಮಟ್ಟಕ್ಕೆ ಏರಿಸಿದೆ. ಗರಗಸ ಪರ್ವ, ತಂತಿ ಪರ್ವ, ಗಂಜಿ ಪರ್ವ ಎಂದು ಭಾಗಗಳಿದ್ದವು. ಗರಗಸದ ಸದ್ದು ನನ್ನ ಕಿವಿಗೇ ಕೇಳಿತೆಂದು ಹೇಳುತ್ತಿದ್ದೆ. ಮೈಮೇಲೆ ಎಚ್ಚರವಿಲ್ಲದವನಿಗೆ ಹೇಗೆ ಕೇಳಿತೆಂದು ಒಬ್ಬರೂ ಕೇಳಲಿಲ್ಲ. ಮದುವೆ ಮುಂಜಿಗಳಲ್ಲಿ ಜನ ಕುರ್ಚಿ ಎಳೆದುಕೊಂಡು ಬಂದು, “ಸರ್, ಗರಗಸದ್ದು ಹೇಳ್ರಿ” ಎನ್ನುತ್ತಿದ್ದರು. ಹೇಳಿದಷ್ಟೂ ಅದು ಬೆಳೆಯುತ್ತಿತ್ತು. ಡಾಕ್ಟರು ಎಷ್ಟೋ ಸಲ ಕೇಳಿ ನಕ್ಕಿದ್ದರು.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವರು ನಮ್ಮ ಮನೆಗೆ ಬಂದರು. ಭಾನುವಾರ ಬಂದದ್ದು ಅದೇ ಮೊದಲು. ದೊಡ್ಡ ಮಗಳ ಮದುವೆಗೆ ಇನ್ನು ಏಳು ವಾರವಿತ್ತು. ಏನೋ ಮದುವೆಯ ಓಡಾಟವಿರಬೇಕೆಂದುಕೊಂಡೆ. ನನ್ನ ಹೆಂಡತಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಕುರ್ಚಿ ಇದ್ದರೂ ಅವರು ನೆಲಕ್ಕೆ ಕೂತು, “ಕೊಡ್ರಿ ಬಾಯಾರ, ನಾ ಮಾಡ್ತೀನಿ” ಎಂದು ಮೊರವನ್ನು ತಮ್ಮ ಕಡೆ ಎಳೆದುಕೊಂಡು ಹರಳು ಆರಿಸತೊಡಗಿದರು.

ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಯಾರು ಹೋಂವರ್ಕ್ ಮಾಡಿಲ್ಲವೆಂದು ಹೇಳುತ್ತಿದ್ದವನು ನಾನು. ಎದುರಿಗೆ ಆ ಮನುಷ್ಯ ತಲೆ ತಗ್ಗಿಸಿ, ಕೈಗೆ ಕೆಲಸ ಹಚ್ಚಿಕೊಂಡು ಕೂತಿದ್ದರು. ನನಗೆ ಕಂಡದ್ದು ಕೇಳುಗ ಒಬ್ಬ ಸಿಕ್ಕನೆಂಬುದು ಮಾತ್ರ.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು. “ಸರ್, ಆಪರೇಷನ್ ಮುಂದ ನಿಮಗ ಖರೇನ ಅಂಜಿಕಿ ಬಂದಿತ್ತೇನ್ರಿ?”

ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕೆ? ಪುರಾಣ ಶುರುವಾಯಿತು. ಅವತ್ತು ಗರಗಸ ಎಂದಿಗಿಂತ ಜೋರಾಗಿ ಕೂಗಿತು. ಎದೆಯ ಎಲುಬನ್ನು ಬೇಲಿಯ ಹಾಗೆ ತಂತಿ ಬಿಗಿದು ಕಟ್ಟಿದರೆಂದೆ. ಒಂದು ಕೆಮ್ಮು ಬಂದರೆ ಬೇಲಿಯೇ ಕಿತ್ತು ಬಂದಂತಾಗುತ್ತಿತ್ತೆಂದೆ. ಡಾಕ್ಟರು ನಕ್ಕರು. ನಗುತ್ತಲೇ ಮತ್ತೆ ಕೇಳಿದರು.

“ಆದ್ರ ಐದನೇ ವಾರಕ್ಕ ನಮ್ಮ ಷಡ್ಡಕನ ಮಗನ ಮದುವಿಗೆ ಬಂದಿದ್ರಲ್ರಿ? ಅವತ್ತು ಆರಾಮ ಕಂಡ್ರಿ ನನಗ.”

“ಅದೆಲ್ಲ ಮಂದಿ ಮುಂದ ನಾಟಕರೀ! ಒಳಗ ಜೀವ ಹೋಗಾಕತ್ತಿತ್ತು. ನಿಂತ್ರ ಚಕ್ಕರ್, ಕುಂತ್ರ ಉರಿ. ಅಕ್ಕಿಕಾಳು ಒಗ್ಯಾಕ ಕೈ ಎತ್ತಿದ್ರ ಕಣ್ಣಿಗೆ ಕತ್ತಲಿ. ಮೂರು ತಿಂಗಳ ನಾ ಮನುಷ್ಯಾನ ಇರಲಿಲ್ಲ.”

“ಖರೇನ ಮೂರು ತಿಂಗಳ ಏನ್ರಿ?”

“ಖರೇ ಅಂದ್ರ ಖರೇ!”

ಅದು ಸುಳ್ಳು. ಆ ಮದುವೆಗೆ ನಾನು ನಡೆದುಕೊಂಡೇ ಹೋಗಿದ್ದೆ. ಪಂಕ್ತಿಯಲ್ಲಿ ಕೂತು ಎಲ್ಲರ ಹಾಗೆ ಉಂಡಿದ್ದೆ, ಚೆನ್ನಾಗಿಯೇ ಉಂಡಿದ್ದೆ. ‘ಮೂರು ತಿಂಗಳು’ ಎಂಬುದು ಅವತ್ತೇ, ಆ ಕ್ಷಣಕ್ಕೇ, ಕಥೆಗೆ ಒಪ್ಪುತ್ತದೆಂದು ಹೊಳೆದದ್ದು.

ಡಾಕ್ಟರು ಇನ್ನೂ ಹತ್ತು ನಿಮಿಷ ಜೋಳ ಆರಿಸಿದರು. ನಾನು ಪಿಂಚಣಿ ಕಚೇರಿಯ ಗುಮಾಸ್ತನ ಅನುಕರಣೆ ಮಾಡಿ ತೋರಿಸಿದೆ. ಅದಕ್ಕೂ ನಕ್ಕು, ಮೊರವನ್ನು ಪಕ್ಕಕ್ಕೆ ಸರಿಸಿಟ್ಟು, “ಬರ್ತೀನ್ರಿ ಸರ್. ಛಲೋ ಆತು ನಿಮ್ಮ ಕಡೆ ಬಂದದ್ದು” ಎಂದು ಎದ್ದರು. ಅವರು ಹೋದ ಮೇಲೆ ಹೆಂಡತಿ, “ಯಾಕೋ ಸಪ್ಪಗ ಇದ್ರು. ಏನೋ ಹೇಳಾಕ ಬಂದಂಗ ಕಾಣ್ತು. ನೀವು ಬಾಯಿ ಹಾಕಾಕ ಜಾಗಾನ ಕೊಡಲಿಲ್ಲ” ಎಂದಳು. “ಮಗಳ ಮದುವಿ ಹತ್ರ ಬಂದ್ರ ಎಲ್ಲಾ ಅಪ್ಪಗೋಳೂ ಹಂಗ ಕಾಣ್ತಾರ” ಎಂದು ನಾನು ಪತ್ರಿಕೆ ಬಿಡಿಸಿದೆ. ನಿವೃತ್ತ ಮುಖ್ಯಾಧ್ಯಾಪಕನ ಅಭಿಪ್ರಾಯಕ್ಕೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಡಾಕ್ಟರು ರುಮಾಲು ಸುತ್ತಿಕೊಂಡು ಬೆಳಿಗ್ಗೆಯಿಂದ ನಿಂತೇ ಇದ್ದರು. ಊಟದ ಹೊತ್ತಿಗೆ ಕಂಬಕ್ಕೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದುದನ್ನು ನೋಡಿ, “ಬೀಗರ ಮುಂದ ಇಷ್ಟ ಬೆವತ್ರ ಹೆಂಗ್ರಿ?” ಎಂದೆ. ಮಗಳನ್ನು ಕಳಿಸುವಾಗ ಅವರು ಅಳಲಿಲ್ಲ. ಅವಳ ಜಡೆಯನ್ನು ಒಮ್ಮೆ ಹಿಡಿದು ನೋಡಿ, “ಯಾರು ಹಾಕಿದ್ರವ್ವಾ, ಭಾಳ ನೆಟ್ಟಗೈತಿ” ಎಂದರು. ಅಷ್ಟಕ್ಕೇ ಆ ಹುಡುಗಿ ಮುಖ ಮುಚ್ಚಿಕೊಂಡಳು.

ಮದುವೆಯಾದ ಹದಿನೆಂಟನೆಯ ದಿನ ತಿಕೋಟಾದ ಅಣ್ಣನ ಶೆಡ್ಡಿನಲ್ಲಿ ಚೀಲ ತುಂಬಿಕೊಳ್ಳುತ್ತಿದ್ದವರು ಒಂದು ಟ್ರೇ ಮೇಲೆ ಕೂತು, “ಅಣ್ಣಾ, ಸ್ವಲ್ಪ ನೀರ ಕೊಡು” ಎಂದರಂತೆ. ಗಾಡಿಯಲ್ಲಿ ಹಾಕಿಕೊಂಡು ವಿಜಯಪುರದ ಕಡೆ ಹೊರಟರು. ದಾರಿಯಲ್ಲಿ ತೊರವಿ ದಾಟುವುದರೊಳಗೆ ಎಲ್ಲ ಮುಗಿದಿತ್ತು.

ಮಣ್ಣಿಗೆ ಮೂರೂ ಊರಿನ ಜನ ಬಂದಿದ್ದರು. ಎಂಥೆಂಥವರೋ: ಸಾಹುಕಾರರು, ವಕೀಲರು, ಬಸ್ ಕಂಡಕ್ಟರರು, ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು, ದರ್ಜಿ ಚಾಚಾ. ನಮ್ಮಲ್ಲಿ ಇಂಥ ಕಡೆ ‘ನಿಮಗ ಹೆಂಗ ಪರಿಚಯ?’ ಎಂದು ಕೇಳುವುದು ವಾಡಿಕೆ. ಅವತ್ತು ಯಾರೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ತಾವೂ ಹೇಳಬೇಕಾಗುತ್ತದಲ್ಲ. ಒಬ್ಬರು ಮಾತ್ರ, ಯಾರೂ ಕೇಳದಿದ್ದರೂ, “ನಮ್ಮದು ಬಟ್ಟಿ ಅಂಗಡ್ಯಾಗ ಪರಿಚಯ” ಎಂದರು. ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಬಬಲೇಶ್ವರದ ಅತ್ತೆಗೆ ಮಾತ್ರ ಸುದ್ದಿಯನ್ನು ಗಟ್ಟಿಯಾಗಿ ಕೂಗಿ ಹೇಳಬೇಕಾಯಿತು. ಮೂರು ಸಲ ಹೇಳಿದರೂ ಅವರು, “ಯಾರು? ಯಾರಂದ್ರಿ?” ಎಂದೇ ಕೇಳುತ್ತಿದ್ದರು.

ತಿಂಗಳಾದ ಮೇಲೆ ಡಾಕ್ಟರ ಹೆಂಡತಿ ನಮ್ಮ ಮನೆಗೆ ಬಂದಳು. ನನ್ನ ವಿದ್ಯಾರ್ಥಿನಿಯಾಗಿದ್ದವಳು, ಈಗಲೂ ನನ್ನ ಎದುರು ಕುರ್ಚಿಯ ತುದಿಯಲ್ಲೇ ಕೂರುತ್ತಾಳೆ. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಅವರ ಕೋಣೆಯಲ್ಲಿ, ದ್ರಾಕ್ಷಿ ಚೀಲದ ಹಿಂದೆ ಸಿಕ್ಕಿತಂತೆ.

“ಸೊಲ್ಲಾಪುರಕ್ಕ ಮದುವಿ ಬಟ್ಟಿ ತರಾಕಂತ ಹೋಗಿದ್ರು ಸರ್. ಒಬ್ರ ಹೋಗಿದ್ರು. ಬಟ್ಟಿನೂ ತಂದ್ರು.” ಅವಳು ಫೈಲು ಬಿಚ್ಚಿದಳು. “ಎದಿ ತೋರಿಸಿಕೊಂಡು ಬಂದಾರ. ರಕ್ತದ ನಾಳ ಮೂರು ಕಡೆ ಕಟ್ಟಿತ್ತಂತ. ತಡಾ ಮಾಡಬ್ಯಾಡ್ರಿ ಅಂತ ಬರದಾರ. ನಮಗ ಯಾರಿಗೂ ಹೇಳಿಲ್ಲ.”

ಆಪರೇಷನ್ನಿಗೆ ತಾರೀಖು ಕೊಟ್ಟಿದ್ದ ಚೀಟಿ ಅದರಲ್ಲಿತ್ತು. ಅವರು ನಮ್ಮ ಮನೆಗೆ ಬಂದಿದ್ದ ಭಾನುವಾರದ ಮುಂದಿನ ಬುಧವಾರದ್ದು. ಮದುವೆಗೆ ಆರೂವರೆ ವಾರ ಮೊದಲು. ಅದನ್ನು ಪೆನ್ನಿನಿಂದ ಹೊಡೆದು ಹಾಕಿ, ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ ಬೇರೆ ತಾರೀಖು ಬರೆದಿತ್ತು. ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲು: ‘ಮೂರು ತಿಂಗಳು — ಸರ್.’

“ಈ ಸರ್ ಅಂದ್ರ ನೀವ ಏನ್ರಿ?” ಎಂದಳು. “ಅವರು ಬ್ಯಾರೆ ಯಾರಿಗೂ ಸರ್ ಅಂತಿದ್ದಿಲ್ಲ. ಮೂರು ತಿಂಗಳ ಅಂದ್ರ ಏನು? ದೊಡ್ಡಾಕಿ ದಿನಾ ಫೋನ್ ಹಚ್ಚಿ ಅಳ್ತಾಳ್ರಿ. ನನ್ನ ಮದುವಿ ಸಲುವಾಗಿ ಅಪ್ಪ ಹೋದ ಅಂತಾಳ. ಅಕಿಗೆ ಏನರ ಹೇಳ್ಬೇಕಲ್ರಿ ನಾ.”

ಏನಾದರೂ ಹೇಳಬಹುದಿತ್ತು. ಕಥೆ ಕಟ್ಟುವುದರಲ್ಲಿ ನಾನು ಅಷ್ಟು ಹೆಸರಾದವನು. ‘ಮೂರು ತಿಂಗಳು ತಡ ಮಾಡಿದರೂ ನಡೆಯುತ್ತದೆಂದು ಸೊಲ್ಲಾಪುರದವರೇ ಹೇಳಿದ್ದರಂತೆ’ ಎಂದರೆ ಸಾಕಿತ್ತು, ನಂಬುತ್ತಿದ್ದಳು. ಒಳಬಾಗಿಲಲ್ಲಿ ನನ್ನ ಹೆಂಡತಿ ಬಂದು ನಿಂತಿದ್ದಳು. ನಾನು ಆ ಭಾನುವಾರದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು, ನಾನು ಹೇಳಿದ್ದು. ಈ ಸಲ ಗರಗಸ ಇರಲಿಲ್ಲ. ಹೇಳಲು ಎರಡು ನಿಮಿಷ ಸಾಕಾಯಿತು.

“ಮಗಳಿಗೆ ಹೇಳವ್ವಾ, ನಿನ್ನ ಮದುವಿ ಸಲುವಾಗಿ ಅಲ್ಲಂತ,” ಎಂದೆ. “ಮದುವಿಗಿಂತ ಮೊದಲ ಮಾಡಿಸಿಕೊಂಡು, ಮದುವಿಗೆ ನಿಂದರಬೇಕಂತ ಇದ್ರು. ನಾ ಹೇಳಿದ ಸುಳ್ಳು ಕೇಳಿ ಮುಂದ ಹಾಕ್ಯಾರ.”

ಅವಳು ಚೀಟಿಯನ್ನು ಒಳಗಿಟ್ಟು ಫೈಲಿನ ಅಂಚನ್ನು ನೇರ ಮಾಡಿದಳು. ಬಯ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಕಲಿಸಿದ ಮಾಸ್ತರನ್ನು ಬಯ್ಯಲು ಅವಳಿಗೆ ಬರುವುದಿಲ್ಲ.

“ಆ ಐದನೇ ವಾರದ ಮದುವ್ಯಾಗ ನಾನ ಬಡಿಸಿದ್ದೆ ಸರ್,” ಎಂದಳು. “ನಿಮಗ ಎರಡು ಸಲ ಹೋಳಿಗಿ ಹಾಕೀನಿ. ನೀವು ನಕ್ಕೋತ ಉಂಡ್ರಿ. ಇವರು ನಿಮ್ಮನ್ನ ತೋರಿಸಿ, ‘ನೋಡು, ಸರ್ ಹೆಂಗ ಚೇತರಿಸಿಕೊಂಡಾರ’ ಅಂದಿದ್ರು.”

ನನ್ನ ಹೆಂಡತಿ ಚಹಾ ತರುತ್ತೇನೆಂದಳು. ಡಾಕ್ಟರ ಹೆಂಡತಿ ಬೇಡವೆಂದು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಅದನ್ನು ಅವಳು ಪ್ರತಿ ಸಲವೂ ಮಾಡುತ್ತಾಳೆ.

ಆಪರೇಷನ್ನಿನ ಕಥೆಯನ್ನು ನಾನು ಈಗ ಹೇಳುವುದಿಲ್ಲ. ಕೇಳಿದವರಿಗೆ ಐದು ವಾರಕ್ಕೆ ಆರಾಮಾಯಿತು ಎನ್ನುತ್ತೇನೆ. ಜನ ಕುರ್ಚಿ ಹಿಂದಕ್ಕೆ ಸರಿಸಿಕೊಂಡು ಹೋಗುತ್ತಾರೆ.

ಚೀಟಿಯಲ್ಲಿ ಡಾಕ್ಟರು ಬರೆದುಕೊಂಡಿದ್ದ ಎರಡನೆಯ ತಾರೀಖು ಮದುವೆಯಾದ ನಾಲ್ಕನೆಯ ಸೋಮವಾರದ್ದು. ಅವರು ಅದಕ್ಕೆ ನಾಲ್ಕು ದಿನ ಮೊದಲು ತೀರಿಕೊಂಡರು.